ಸಿಂಪಲ್ ಊಟದ ಪೋಸ್ಟ್‌ಮಾರ್ಟಂ

ಎಂಟು ಜನ ಉಂಡು ಹೋದ ಮಾರನೆಯ ದಿನ ಮನೆ ಹೇಗಿರುತ್ತದೆ ಎಂದು ನಾನು ವರ್ಣಿಸುವುದಿಲ್ಲ. ಸಿಂಕಿನ ಕಡೆ ನೋಡದೆ ಅಡುಗೆಮನೆ ದಾಟುವುದನ್ನು ಬೆಳಗ್ಗೆಯಿಂದ ರೂಢಿ ಮಾಡಿಕೊಂಡಿದ್ದೆ. ಸಂಜೆ ಬಾಗಿಲು ತಟ್ಟಿದ ಸದ್ದು. ಗುಂಡ, ಪುಟ್ಟಿ, ಅವರ ಹಿಂದೆ ಶೀನ. ಮೊದಲಿಬ್ಬರು ಊಟಕ್ಕೂ ಇದ್ದರು. ಶೀನ ಕೊನೆ ಗಳಿಗೆಯಲ್ಲಿ ಕೈಕೊಟ್ಟವನು.

“ಉಳಿದಿದೆಯಂತೆ?” ಎಂದ ಶೀನ. ಹೇಗಿದ್ದೀಯಾ ಎಂದೂ ಕೇಳಲಿಲ್ಲ.

“ಉಳಿದಿದೆಯಾ ಅಂದ್ರೆ! ಸೂಪಿನಲ್ಲಿ ಈಜಬಹುದು” ಎಂದ ಗುಂಡ. ಆಗಲೇ ಅವನ ಕೈಗೆ ಒಂದು ಚಮಚ ಬಂದಿತ್ತು. ನನ್ನ ಮನೆಯಲ್ಲಿ ನನಗೆ ಸಿಗದ ಚಮಚ ಅವನಿಗೆ ಹೇಗೆ ಸಿಗುತ್ತದೋ ಗೊತ್ತಿಲ್ಲ.

ಫ್ರಿಜ್ಜಿನಿಂದ ಪಾತ್ರೆಗಳನ್ನು ಹೊರಗೆ ತೆಗೆದೆ. ಸೂಪನ್ನು ಒಲೆಗೆ ಏರಿಸಿದೆ. ಅದು ಬಿಸಿಯಾಗುವಷ್ಟರಲ್ಲಿ ಎಲ್ಲ ಹೇಳಿಬಿಡು ಎಂದ ಶೀನ.

“ನಿನ್ನನ್ನು ಬಿಟ್ಟು ಮೊದಲು ಆರು ಜನರನ್ನಷ್ಟೇ ಕರೆದಿದ್ದೆ. ಸಿಂಪಲ್ಲಾಗಿ ಊಟ, ಸುಮ್ನೆ ಬನ್ನಿ ಅಂತ. ಇನ್ನೊಬ್ಬರನ್ನು ಕರೆತರಲಾ ಎಂದು ಇಬ್ಬರು ಕೇಳಿದರು. ಬೇಡ ಅನ್ನೋದಕ್ಕೆ ಆಗುತ್ತಾ? ಎಂಟಾಯಿತು. ಅಡುಗೆಯ ವಿಡಿಯೋದಲ್ಲಿ ನಾಲ್ಕು ಜನಕ್ಕೆ ಅಳತೆ ಕೊಟ್ಟಿದ್ದರು. ನಾನು ಎಲ್ಲವನ್ನೂ ಡಬಲ್ ಮಾಡಿದೆ.”

“ಎಲ್ಲವನ್ನೂ?” ಎಂದಳು ಪುಟ್ಟಿ.

“ಹೂಂ. ತರಕಾರಿ ಹತ್ತು ನಿಮಿಷ ಬೇಯಿಸಿ ಅಂದಿದ್ದರು. ಇಪ್ಪತ್ತು ನಿಮಿಷ ಬೇಯಿಸಿದೆ.”

ಪುಟ್ಟಿ ತಲೆ ಚಚ್ಚಿಕೊಂಡಳು. “ಲೋ, ಒಂದು ತುಂಡು ಬೇಯುವುದು ಆ ತುಂಡು ಎಷ್ಟು ದಪ್ಪ ಇದೆ ಅನ್ನೋದರ ಮೇಲೆ. ಪಕ್ಕದಲ್ಲಿ ಎಷ್ಟು ತುಂಡುಗಳಿವೆ ಅಂತ ಅದಕ್ಕೇನು ಗೊತ್ತು? ಪಾತ್ರೆ ದೊಡ್ಡದಾದರೆ ಕುದಿ ಬರೋದು ತಡ, ಅಷ್ಟೇ.”

“ಅದಕ್ಕೇ ಅದು ತರಕಾರಿಯ ಹಾಗಿರಲಿಲ್ಲ” ಎಂದ ಗುಂಡ. “ನಾನು ಅದನ್ನು ಚಟ್ನಿ ಅಂದುಕೊಂಡು ಅನ್ನಕ್ಕೆ ಸವರಿಕೊಂಡೆ. ಅನ್ನ ಕೂಡ ಅಂಟಿನ ಹಾಗಿತ್ತು.”

ಅನ್ನದಲ್ಲೂ ಅದೇ ತಪ್ಪಂತೆ. ಆವಿಯಾಗಿ ಹೋಗುವ ನೀರು ಪಾತ್ರೆಯ ಬಾಯಿ, ಬೇಯುವ ಹೊತ್ತು ಇವುಗಳನ್ನು ನೋಡುತ್ತದೆ, ಅಕ್ಕಿ ಎಷ್ಟು ಎಂದು ನೋಡುವುದಿಲ್ಲ. ಅಕ್ಕಿ ಎರಡು ಪಟ್ಟು ಆಯಿತೆಂದು ನೀರನ್ನೂ ಸರಿಯಾಗಿ ಎರಡು ಪಟ್ಟು ಹಾಕಿದರೆ ಜಾಸ್ತಿಯಾಗುತ್ತದೆ. ಇದನ್ನು ಪುಟ್ಟಿ ಮೊನ್ನೆಯೇ ಹೇಳಬಹುದಿತ್ತು. ಜ್ಞಾನ ಇರುವವರು ಯಾವಾಗಲೂ ಮಾರನೆಯ ದಿನವೇ ಬಾಯಿ ಬಿಡುವುದು.

“ಸೂಪು ಯಾಕೆ ಇಷ್ಟೊಂದು ಉಳಿದಿದೆ?” ಎಂದ ಶೀನ.

“ಅದಕ್ಕೆ ಇವನನ್ನೇ ಕೇಳು” ಎಂದು ಗುಂಡನ ಕಡೆ ಕೈ ತೋರಿಸಿದೆ.

ಆಗಿದ್ದು ಇಷ್ಟು. ಉಪ್ಪು ಸರಿ ಇದೆಯಾ ಎಂದು ನಾನು ಇಪ್ಪತ್ತು ಸಲ ರುಚಿ ನೋಡಿದ್ದೆ. ನೋಡಿ ನೋಡಿ ನಾಲಿಗೆ ಉಪ್ಪಿಗೆ ಒಗ್ಗಿಹೋಯಿತು. ಸಪ್ಪೆ ಅನ್ನಿಸಿದಾಗಲೆಲ್ಲ ಇನ್ನೊಂದು ಚಿಟಿಕೆ. ಕೊನೆಗೆ ಗುಂಡ ಒಂದು ತೊಟ್ಟು ಬಾಯಿಗೆ ಹಾಕಿಕೊಂಡು, ಕಣ್ಣು ಮುಚ್ಚಿ, ಸಮುದ್ರ ನೆನಪಾಯಿತು ಎಂದ. ಆಲೂಗಡ್ಡೆ ಹಾಕು, ಉಪ್ಪನ್ನೆಲ್ಲ ಎಳೆದುಕೊಳ್ಳುತ್ತೆ ಎಂಬ ಸಲಹೆಯೂ ಅವನದೇ. ನಾಲ್ಕು ಆಲೂಗಡ್ಡೆ ಹಾಕಿದೆ. ಸೂಪು ಹಾಗೇ ಇತ್ತು. ಆಲೂಗಡ್ಡೆ ಮಾತ್ರ ಉಪ್ಪಾಯಿತು.

“ಅದು ಉಪ್ಪನ್ನೊಂದೇ ಆರಿಸಿ ಕುಡಿಯುತ್ತಾ?” ಎಂದಳು ಪುಟ್ಟಿ. “ಉಪ್ಪುನೀರನ್ನು ಕುಡಿಯುತ್ತೆ. ಉಳಿದ ನೀರು ಅಷ್ಟೇ ಉಪ್ಪಾಗಿರುತ್ತೆ. ಉಪ್ಪಿಲ್ಲದ ನೀರು ಸೇರಿಸಬೇಕು.”

“ಸೇರಿಸಿದೆನಲ್ಲ. ಅದಕ್ಕೇ ಇಷ್ಟೊಂದು ಉಳಿದಿರುವುದು.”

ಅಡುಗೆಯ ಕತೆ ಇಷ್ಟಾದರೆ, ಮನೆ ಚೊಕ್ಕ ಮಾಡಿದ ಕತೆ ಬೇರೆ. ಏಳೂವರೆಗೆ ಬನ್ನಿ ಎಂದಿದ್ದೆ. ಏಳಾದರೂ ಸೋಫಾದ ಮೇಲೆ ಒಗೆದ ಬಟ್ಟೆಯ ಗುಡ್ಡ. ಪೇಪರು, ಚಪ್ಪಲಿ, ಚಾರ್ಜರು, ಬಟ್ಟೆ ಎಲ್ಲವನ್ನೂ ಬಾಚಿ ಮಲಗುವ ಕೋಣೆಗೆ ತುಂಬಿ ಬಾಗಿಲು ಎಳೆದುಕೊಂಡೆ. ಆ ಬಾಗಿಲು ತೆರೆಯುವವರು ಯಾರೂ ಇಲ್ಲ ಎಂಬ ಧೈರ್ಯ. ಮೊದಲು ಬಂದವರು ಬಾಗಿಲಲ್ಲೇ ಕೇಳಿದ್ದು, “ಈ ಬ್ಯಾಗುಗಳನ್ನು ಮಲಗುವ ಕೋಣೆಯಲ್ಲಿ ಇಡಲಾ?” ಅವರು ಇಪ್ಪತ್ತು ನಿಮಿಷ ಮುಂಚೆ ಬಂದಿದ್ದರು. ನನ್ನ ತಲೆಯಲ್ಲಿ ಇನ್ನೂ ಶಾಂಪೂ ಇತ್ತು. ತಡವಾಗಿ ಬರುವವರನ್ನು ನಾವೆಲ್ಲ ಬೈಯುತ್ತೇವೆ. ಮುಂಚೆ ಬರುವವರಿಗೆ ಶಿಕ್ಷೆಯೇ ಇಲ್ಲ, ನೋಡಿ.

“ಸೆಕೆ ಬೇರೆ” ಎಂದ ಗುಂಡ. “ಬೆವರು ಒರೆಸಿ ಒರೆಸಿ ನ್ಯಾಪ್‌ಕಿನ್ ಖಾಲಿ.”

“ಸುಮ್ಮನೆ ಕೂತ ಒಬ್ಬ ಮನುಷ್ಯನಿಂದ ಹೆಚ್ಚುಕಡಿಮೆ 100 ವಾಟ್ ಶಾಖ ಬರುತ್ತೆ” ಎಂದಳು ಪುಟ್ಟಿ. “ಇವನೂ ಸೇರಿ ಒಂಬತ್ತು ಜನ. 900 ವಾಟಿನ ಹೀಟರ್ ಹಚ್ಚಿ, ಕಿಟಕಿ ಮುಚ್ಚಿ ಕೂತ ಹಾಗೆ.”

“ಗುಂಡನದ್ದು 200 ಇರಬೇಕು” ಎಂದ ಶೀನ.

“ಅದಿರಲಿ. ಹರಟೆಯಾದರೂ ಚೆನ್ನಾಗಿತ್ತಾ?” ಎಂದು ಅವನೇ ಕೇಳಿದ.

ನಾನು ಸುಮ್ಮನಿದ್ದೆ. ಏನೆಂದು ಹೇಳಲಿ? ಹರಟೆ ಚೆನ್ನಾಗಿಯೇ ಇತ್ತಂತೆ. ನನಗೆ ಗೋಡೆಯ ಆಚೆಯಿಂದ ನಗು ಕೇಳಿಸುತ್ತಿತ್ತು. ಓಡಿ ಬಂದು ಏನಾಯ್ತು ಎಂದರೆ, ಅಯ್ಯೋ ಮತ್ತೆ ಹೇಳಿದರೆ ನಗು ಬರಲ್ಲ ಬಿಡು ಎನ್ನುತ್ತಿದ್ದರು. ಈ ಕಡೆ ನಾಲ್ವರು ಕೆಲಸದ ಗೋಳು ಹೇಳಿಕೊಳ್ಳುತ್ತಿದ್ದರೆ, ಆ ಕಡೆ ನಾಲ್ವರು ಯಾರದೋ ಬೆಕ್ಕಿನ ವಿಷಯ.

“ಅದು ಹಾಗೇ ಆಗೋದು” ಎಂದಳು ಪುಟ್ಟಿ. “ರಾಬಿನ್ ಡನ್‌ಬಾರ್ ಅಂತ ಒಬ್ಬ ವಿಜ್ಞಾನಿ, ಜನ ಗುಂಪುಗೂಡಿ ಮಾತಾಡೋದನ್ನು ಕೂತು ಗಮನಿಸಿದ. ಒಂದು ಮಾತುಕತೆಯಲ್ಲಿ ಸುಮಾರು ನಾಲ್ಕು ಜನ ಹಿಡಿಯುತ್ತಾರಂತೆ. ಐದನೆಯವನು ಬಂದರೆ ಸ್ವಲ್ಪ ಹೊತ್ತಿಗೆ ಗುಂಪು ಒಡೆಯುತ್ತೆ.”

“ಎಂಟು ಜನ ಅಂದ್ರೆ ಲೆಕ್ಕ ಸರಿಯಾಗಿ ಎರಡು ಗುಂಪು. ಒಂಬತ್ತನೆಯವನು ನಾನು.”

“ನಿನ್ನ ಗುಂಪಿನಲ್ಲಿ ಸೂಪಿತ್ತಲ್ಲ” ಎಂದ ಗುಂಡ.

ಸಹಾಯ ಮಾಡಲಾ ಎಂದು ಪ್ರತಿಯೊಬ್ಬರೂ ಬಂದು ಕೇಳಿದ್ದರು, ಅದನ್ನು ಹೇಳಲೇಬೇಕು. ಒಲೆಯ ಮೇಲೆ ಹೊಗೆ, ಕೈಯಲ್ಲಿ ಬಿಸಿ ಪಾತ್ರೆ, ಬಾಯಲ್ಲಿ ಮಾತ್ರ “ಛೇ ಛೇ, ಏನೂ ಬೇಡ, ನೀವು ಕೂತ್ಕೊಳ್ಳಿ.” ಈ ಒಣ ಮರ್ಯಾದೆ ಯಾರು ಕಲಿಸಿದರೋ. ತಟ್ಟೆ ಹಾಕಿ ಎಂದು ಒಬ್ಬರಿಗೆ ಹೇಳಿದ್ದರೂ ಸಾಕಿತ್ತು. ಆಗ ತಟ್ಟೆ ಆರೇ ಇವೆ ಎಂಬುದು ಬಡಿಸುವ ಹೊತ್ತಿಗೆ ಮುಂಚೆ ತಿಳಿಯುತ್ತಿತ್ತು. ಇಬ್ಬರಿಗೆ ಡಬ್ಬಿಯ ಮುಚ್ಚಳದಲ್ಲಿ ಬಡಿಸಿದೆ. ಪುಟ್ಟಿಗೆ ಒಂದು ಮುಚ್ಚಳ. ಅವಳು ಅದನ್ನು ಮರೆತಿರಲಿಲ್ಲ ಎಂದು ಮುಂದೆ ಗೊತ್ತಾಯಿತು.

“ಊಟ ಆದ ಮೇಲೂ ಯಾರೂ ಏಳಲಿಲ್ಲ” ಎಂದೆ. “ಗಂಟೆ ಹನ್ನೊಂದಾಯಿತು. ಎಲ್ಲರೂ ನನ್ನ ಮುಖ ನೋಡುತ್ತಾ ಕೂತಿದ್ದರು. ಯಾರೋ ಒಬ್ಬರು ಇನ್ನೇನಾದರೂ ಇದೆಯಾ ಎಂದರು. ನೀರು ಬೇಕಾ ಎಂದೆ. ಹನ್ನೆರಡಕ್ಕೆ ಹೊರಟರು.”

ಇಷ್ಟು ಹೊತ್ತು ಕಾದ ಗುಂಡ ಅನ್ನದ ಪಾತ್ರೆಯ ಮುಚ್ಚಳ ತೆಗೆದು ಚಮಚ ತುಂಬಿಕೊಂಡ. ಚಮಚ ಬಾಯಿಗೆ ಒಂದು ಗೇಣು ದೂರದಲ್ಲಿದ್ದಾಗ ಪುಟ್ಟಿ, “ತಡಿ” ಎಂದಳು. ನನ್ನ ಕಡೆ ತಿರುಗಿದಳು. “ಅನ್ನ ಎಷ್ಟು ಗಂಟೆಗೆ ಆಯಿತು?”

“ಏಳಕ್ಕೆ.”

“ಫ್ರಿಜ್‌ಗೆ ಇಟ್ಟಿದ್ದು?”

“ಎಲ್ಲರೂ ಹೋದ ಮೇಲೆ. ಹನ್ನೆರಡೂವರೆಗೆ.”

“ಬೇಯಿಸಿದ್ದನ್ನು ಎರಡು ಗಂಟೆಗಿಂತ ಹೆಚ್ಚು ಹೊರಗೆ ಇಡಬೇಡಿ ಅಂತ ವಿಶ್ವ ಆರೋಗ್ಯ ಸಂಸ್ಥೆಯೇ ಹೇಳುತ್ತೆ. 5 ಡಿಗ್ರಿಗಿಂತ ತಣ್ಣಗಿರಬೇಕು, ಇಲ್ಲಾ 60 ಡಿಗ್ರಿಗಿಂತ ಬಿಸಿ ಇರಬೇಕು. ಅದರಲ್ಲೂ ಅನ್ನ! ಬ್ಯಾಸಿಲಸ್ ಸೀರಿಯಸ್ ಅಂತ ಒಂದು ಬ್ಯಾಕ್ಟೀರಿಯಾ ಇದೆ. ಅದರ ಬೀಜಕಣ ಅಕ್ಕಿ ಬೆಂದರೂ ಸಾಯಲ್ಲ. ಹೊರಗೆ ಇಟ್ಟ ಅನ್ನದಲ್ಲಿ ಬೆಳೆದು ವಿಷ ಬಿಡುತ್ತೆ. ಆ ವಿಷ ಮತ್ತೆ ಬಿಸಿ ಮಾಡಿದರೂ ಹೋಗಲ್ಲ.”

“ಹೆಸರಲ್ಲೇ ಸೀರಿಯಸ್ ಇದೆಯಲ್ಲೋ” ಎಂದ ಶೀನ.

ಗುಂಡನ ಚಮಚ ಗಾಳಿಯಲ್ಲೇ ನಿಂತಿತ್ತು. “ಸೂಪು?”

“ಅದೂ ಹೊರಗೇ ಇತ್ತು.”

“ತರಕಾರಿ?” ಎಂದೆ ನಾನು.

“ಅದು ಹೋದರೆ ಹೋಗಲಿ” ಎಂದು ಮೂವರೂ ಒಟ್ಟಿಗೆ ಹೇಳಿದರು.

ಒಲೆ ಆರಿಸಿದೆ. ಒಂದೊಂದಾಗಿ ಪಾತ್ರೆ ಖಾಲಿ ಮಾಡಿದೆ. ಗುಂಡ ಬೆನ್ನು ತಿರುಗಿಸಿ ನಿಂತಿದ್ದ. ನೋಡಲಾಗುತ್ತಿಲ್ಲ ಎಂದ. ಖಾಲಿಯಾದ ಫ್ರಿಜ್ಜಿನ ಮುಂದೆ ಶೀನ ಬಗ್ಗಿ ಕೂತ. ಬಂದಿದ್ದಕ್ಕೆ ಏನಾದರೂ ಸಿಗುತ್ತಾ ಎಂದು ಇಣುಕಿದ.

“ಹಿಂದೆ ಇರೋ ಈ ದೊಡ್ಡ ಡಬ್ಬಿ ಏನೋ?”

ನಾನು ನೋಡಿದೆ. ಎದೆ ಧಸಕ್ ಎಂದಿತು. ಎರಡು ಗಂಟೆ ಒಲೆ ಮುಂದೆ ನಿಂತು ಹಾಲು ಕುದಿಸಿ, ಬದಾಮಿ ಅರೆದು, ಕೈ ಸುಟ್ಟುಕೊಂಡು ಮಾಡಿದ್ದು. ಊಟ ಆದ ಮೇಲೆ ಎಲ್ಲರನ್ನೂ ಬೆರಗು ಮಾಡಬೇಕು ಎಂದು ಯಾರಿಗೂ ಹೇಳದೆ ಇಟ್ಟಿದ್ದು. ಎಂಟು ಜನರಿಗೆ ಆಗುವಷ್ಟು ಸಿಹಿ.

“ನೀರು ಬೇಕಾ ಅಂದೆಯಲ್ಲೋ!” ಎಂದು ಗುಂಡ ಕೂಗಿದ.

ಪುಟ್ಟಿ ಕೈ ಅಡ್ಡ ಹಿಡಿದಳು. “ಇದನ್ನು ಎಷ್ಟು ಗಂಟೆಗೆ ಫ್ರಿಜ್‌ಗೆ ಇಟ್ಟೆ?”

“ನಿನ್ನೆ ಮಧ್ಯಾಹ್ನ ನಾಲ್ಕಕ್ಕೆ. ಮಾಡಿ, ತಣ್ಣೀರಲ್ಲಿ ಇಟ್ಟು, ಬಿಸಿ ಆರಿದ ಕೂಡಲೇ...”

ಗುಂಡ ಉಳಿದಿದ್ದನ್ನು ಕೇಳಲಿಲ್ಲ. ಪುಟ್ಟಿ ತಟ್ಟೆ ಕೂಡ ಕೇಳಲಿಲ್ಲ. ಡಬ್ಬಿಯ ಮುಚ್ಚಳ ತಾನೇ ಎತ್ತಿಕೊಂಡಳು, ಅದರಲ್ಲೇ ಬಡಿಸು ಎಂದಳು.