ಸುಮಾ, ಕಚ್ಚಿಕೊಂಡಾಗ ಮೊಬೈಲ್ ಕೊಡಬೇಡ

ಸುಮಾ, ಗ್ರೂಪಿನಲ್ಲಿ ನಿನ್ನ ಮೆಸೇಜ್ ಈಗ ನೋಡಿದೆ ಕಣಮ್ಮ. ಮಗು ಕೈ ಪಟಪಟ ಆಡಿಸುತ್ತಾನೆ, ಮಣಿಕಟ್ಟು ಕಚ್ಚಿಕೊಳ್ಳುತ್ತಾನೆ, ಮೊಬೈಲ್ ಕೊಟ್ಟರೆ ಮಾತ್ರ ಬಿಡುತ್ತಾನೆ, ಏನು ಮಾಡಲಿ ಅಂತ ಕೇಳಿದ್ದೀಯ. ಕಚ್ಚಿಕೊಂಡಾಗ ಮೊಬೈಲ್ ಕೊಡಬೇಡ. ಮೊದಲು ಹಾಗೆ ಕೊಡುವುದನ್ನು ನಿಲ್ಲಿಸು.

ನಮ್ಮ ಚಿಕ್ಕವನಿಗೆ ಆಟಿಸಂ ಇರುವುದು ನಿಮಗೆಲ್ಲ ಗೊತ್ತೇ ಇದೆ. ಮಂಡ್ಯದ ಮನೆಯಲ್ಲಿದ್ದಾಗ ಗೋಡೆಗೆ ಹಣೆ ಚಚ್ಚಿಕೊಳ್ಳುತ್ತಿದ್ದ. ನಮ್ಮತ್ತೆಗೆ ಕರುಳು ಚುರುಕ್ ಅಂದು, ಓಡಿ ಬಂದು ಒಂದು ಚೂರು ಅಚ್ಚುಬೆಲ್ಲ ಬಾಯಿಗೆ ಇಡುತ್ತಿದ್ದರು. ತಕ್ಷಣ ಸುಮ್ಮನಾಗುತ್ತಿದ್ದ. ಆಮೇಲೆ ಏನಾಯಿತು ಗೊತ್ತಾ? ಅಡುಗೆಮನೆ ಗೂಡಿನ ಮುಂದೆ ನಿಂತು, ಬೆಲ್ಲದ ಡಬ್ಬಿ ನೋಡಿ, ಅಲ್ಲೇ ಚಚ್ಚಲು ಶುರು ಮಾಡಿದ. ಬೆಲ್ಲ ನಿಲ್ಲಿಸಿದರೆ ಇನ್ನೂ ಜೋರು. ನೋಡಲಾಗದೆ ಅತ್ತೆ ಮತ್ತೆ ಕೊಟ್ಟರು. ಜೋರಾಗಿ ಚಚ್ಚಿದರೆ ಸಿಗುತ್ತೆ ಅಂತ ಅವನಿಗೆ ಮನವರಿಕೆಯಾಯಿತು. ಹಣೆಯ ಮೇಲಿನ ಬುಗುಟು ಇಳಿಯಲೇ ಇಲ್ಲ. ಅದು ಹಠ ಅಲ್ಲ ಸುಮಾ, ಮಾತು ಬಾರದ ಮಗು ಕೇಳಿದ್ದು ಹಾಗೆ. ಅದಕ್ಕೇ ಮತ್ತೆ ಹೇಳುತ್ತೇನೆ, ಕಚ್ಚಿಕೊಂಡಾಗ ಮೊಬೈಲ್ ಕೊಡಬೇಡ.

ಆಗ ನಮ್ಮವರೇ ಎಷ್ಟು ಮಾತಾಡಿದರು! ಛತ್ರದಲ್ಲಿ ಪಂಕ್ತಿಯಲ್ಲಿ ಕೂತವರೆಲ್ಲ ತಿರುಗಿ ನೋಡುವುದು, ಬೆಳೆಸಿದ್ದು ಸರಿಯಿಲ್ಲ ಅನ್ನುವುದು. ಲಗ್ನಪತ್ರಿಕೆ ಕೊಡುವಾಗಲೇ 'ಮಗನನ್ನು ಮನೆಯಲ್ಲೇ ಬಿಟ್ಟು ಬನ್ನಿ' ಅಂದರು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಆಟಿಸಂ ಹೆಸರು ಬಂತು, ಅಂಗವೈಕಲ್ಯದ ಸರ್ಟಿಫಿಕೇಟ್ ಕೊಡುತ್ತಾರೆ. ನಮ್ಮ ನೆಂಟರು ಮಾತ್ರ ಇನ್ನೂ ದೃಷ್ಟಿ ತೆಗೆಸಿ ಅನ್ನುತ್ತಾರೆ. ಈ ಗ್ರೂಪಿನಲ್ಲಿ ಇರುವವರೂ ಅಂದಿದ್ದಾರೆ, ಕೇಳಿಸಿಕೊಳ್ಳಲಿ.

ಅಯ್ಯೋ, ನೀನು ಕೇಳಿದ್ದಕ್ಕೆ ಉತ್ತರವನ್ನೇ ಹೇಳಲಿಲ್ಲ. ಕೈ ಆಡಿಸುವುದನ್ನು ಬಿಟ್ಟುಬಿಡು, ಅದರಿಂದ ಅವನಿಗೆ ಸಮಾಧಾನ, ಯಾರಿಗೂ ತೊಂದರೆ ಇಲ್ಲ. ಕಚ್ಚುವುದನ್ನಷ್ಟೇ ನೋಡಿಕೋ. ಕಚ್ಚಲು ಬಂದರೆ ಮಡಿಸಿದ ಬಟ್ಟೆ ಅಡ್ಡ ಇಡು, ಬೈಯಬೇಡ, ರಮಿಸಲೂ ಬೇಡ. ಅವನ ಕೈ ಬೇರೆ ಕೆಲಸದಲ್ಲಿರುವಾಗ ಅವನಿಗೆ ಇಷ್ಟವಾದದ್ದನ್ನು ಕೊಡು. ನಮ್ಮವನಿಗೆ ಅವರೆಕಾಳು ಹಿಚುಕಲು ಕೂರಿಸಿದ್ದೆವು. ಮೊದಲು ಒಂದು ಕಾಳಿಗೇ ಬೆಲ್ಲದ ಚೂರು, 'ಎಷ್ಟು ಚೆನ್ನಾಗಿ ಹಿಚುಕಿದೆ' ಅನ್ನುವುದು, ಅದೂ ಆ ಕ್ಷಣವೇ. ಆಮೇಲೆ ನಾಲ್ಕೈದು ಕಾಳಿಗೆ ಒಂದು. ಮೊಬೈಲ್ ಬೇಕಾದರೆ ಅದರ ಚಿತ್ರದ ಕಾರ್ಡ್ ನಿನ್ನ ಕೈಗೆ ಕೊಡುವುದನ್ನು ಕಲಿಸು, ಕೊಟ್ಟ ತಕ್ಷಣ ಮೊಬೈಲ್ ಕೊಡು. ಶುರುವಿನಲ್ಲಿ ಕಚ್ಚುವುದು ಜಾಸ್ತಿಯಾಗಬಹುದು, ಆಗ ಸೋಲಬೇಡ. ಮನೆಯವರೆಲ್ಲ ಒಂದೇ ಥರ ಇರಬೇಕು, ನಿಮ್ಮ ಮಾವನಿಗೂ ಹೇಳು.

ಹಲ್ಲುನೋವು, ಕಿವಿನೋವು ಇದೆಯಾ ಅಂತ ಡಾಕ್ಟರಿಗೆ ತೋರಿಸು. ಕಚ್ಚುವ ಮುಂಚೆ ಏನಾಯಿತು, ಆಮೇಲೆ ಏನು ಸಿಕ್ಕಿತು ಅಂತ ಒಂದು ವಾರ ಬರೆದಿಡು. ಆ ನೋಟ್‌ಬುಕ್ ಹಿಡಿದುಕೊಂಡು ಮೈಸೂರಿನ ಮಾನಸಗಂಗೋತ್ರಿಯ ಸ್ಪೀಚ್ ಅಂಡ್ ಹಿಯರಿಂಗ್ ಸಂಸ್ಥೆಗೆ ಹೋಗು. ರಕ್ತ ಬರುವಷ್ಟು ಕಚ್ಚುತ್ತಿದ್ದರೆ ವಾರ ಕಾಯಬೇಡ, ನಾಳೆಯೇ ಹೊರಡು, ನಾನೂ ಬರುತ್ತೇನೆ.