ಪದಚರ್ಚೆ: ಮೋಟಾರ್‌ಹೋಮ್ "ಓಲಾಡುತ್ತದೆ" ಅಂದರೆ ನಿಜವಾಗಿ ಏನಾಗುತ್ತಿದೆ?

ಬಳಗದ ಎಲ್ಲರಿಗೂ ನಮಸ್ಕಾರ.

ಮೋಟಾರ್‌ಹೋಮ್ (ಒಳಗೇ ಮನೆಯಂತೆ ಇರಬಹುದಾದ ದೊಡ್ಡ ಗಾಡಿ) ಇಟ್ಟುಕೊಂಡವರು ತಮ್ಮ ಗಾಡಿಯ ಸಸ್ಪೆನ್ಷನ್ನನ್ನು, ಅಂದರೆ ಚಕ್ರಕ್ಕೂ ಗಾಡಿಯ ಮೈಗೂ ನಡುವಿನ ಸ್ಪ್ರಿಂಗ್ ವ್ಯವಸ್ಥೆಯನ್ನು, ತಾವೇ ಹದ ಮಾಡಿಕೊಳ್ಳಲಿ ಅಂತ ಕನ್ನಡದಲ್ಲಿ ಒಂದು ಸಣ್ಣ ಕೈಪಿಡಿ ಬರೆಯುತ್ತಿದ್ದೇನೆ. ಕೆಲಸ ತಿಳಿದಿದೆ, ಸ್ಪ್ಯಾನರ್ ಹಿಡಿದು ಅಭ್ಯಾಸವೂ ಇದೆ. ಪದಗಳ ಹತ್ತಿರ ಬಂದಾಗ ಮಾತ್ರ ಕೈ ನಿಲ್ಲುತ್ತಿದೆ. ನಿಮ್ಮ ಸಹಾಯ ಬೇಕು.

ಇದು ಶುರುವಾಗಿದ್ದು ಒಂದು ತಪ್ಪಿನಿಂದ. ಗೆಳೆಯರೊಬ್ಬರು "ಗಾಡಿ ತುಂಬಾ ಓಲಾಡುತ್ತದೆ, ಏನು ಮಾಡಲಿ?" ಅಂತ ಬರೆದಿದ್ದರು. ತಿರುವಿನಲ್ಲಿ ಗಾಡಿ ಒಂದು ಕಡೆಗೆ ಬಾಗುತ್ತಿರಬೇಕು ಅಂದುಕೊಂಡು ನಾನು ಆಂಟಿ-ರೋಲ್ ಬಾರ್ (ಎಡ-ಬಲ ಚಕ್ರಗಳನ್ನು ಜೋಡಿಸಿ ಆ ಬಾಗನ್ನು ತಡೆಯುವ ಸರಳು) ಸರಿಮಾಡಿ ಅಂದೆ. ಅವರು ಒಂದು ಇಡೀ ದಿನ ಗಾಡಿಯ ಕೆಳಗೆ ಮಲಗಿ ಕೆಲಸ ಮಾಡಿದರು. ಏನೂ ಬದಲಾಗಲಿಲ್ಲ. ಆಮೇಲೆ ಫೋನಿನಲ್ಲಿ ಮಾತಾಡಿದಾಗ ಗೊತ್ತಾಯಿತು: ಅವರ ಗಾಡಿ ತಿರುವಿನಲ್ಲಿ ಚೆನ್ನಾಗಿಯೇ ಇತ್ತು. ದೊಡ್ಡ ಲಾರಿ ಪಕ್ಕದಲ್ಲಿ ಹಾದುಹೋದಾಗ ಹಿಂಭಾಗ ಅತ್ತ ಸರಿದು ಮತ್ತೆ ಇತ್ತ ಬರುತ್ತಿತ್ತು. ಕಾಯಿಲೆಯೇ ಬೇರೆ, ಮದ್ದೂ ಬೇರೆ. ಎರಡಕ್ಕೂ ನಾವಿಬ್ಬರೂ ಬಳಸಿದ ಪದ ಮಾತ್ರ ಒಂದೇ.

ಹಾಗಾಗಿ ಮೊದಲು ಕಾಯಿಲೆಗಳನ್ನು ಬಿಡಿಸಿ ಹೇಳುತ್ತೇನೆ.

ತಿರುವಿನಲ್ಲಿ ಗಾಡಿಯ ಮೈ ಹೊರಗಡೆಗೆ ಬಾಗುತ್ತದೆ. ಎತ್ತರದ ಪೆಟ್ಟಿಗೆಯಂಥ ಗಾಡಿ, ಭಾರವೂ ಮೇಲೆ ಜಾಸ್ತಿ, ಆದ್ದರಿಂದ ಇದು ಚೆನ್ನಾಗಿ ಕಾಣುತ್ತದೆ. ಇದಕ್ಕೆ ನನಗೆ "ವಾಲು" ಸರಿ ಅನಿಸುತ್ತದೆ. ಗೋಡೆ ವಾಲಿದೆ ಅಂತೀವಿ, ಗಾಳಿಪಟ ವಾಲಿತು ಅಂತೀವಿ. ಒಂದು ಕಡೆಗೆ ಬಾಗಿ ಅಲ್ಲೇ ಇರುವ ಭಾವ ಅದರಲ್ಲಿದೆ. ಇದೇ ಬಾಗು ಒಂದು ಸಲ ಎಡಕ್ಕೆ, ಒಂದು ಸಲ ಬಲಕ್ಕೆ ಆಗುತ್ತಿದ್ದರೆ ಅದು "ಓಲಾಟ". ಒಂದು ಬದಿಯ ಚಕ್ರ ಮಾತ್ರ ಹಳ್ಳಕ್ಕೆ ಇಳಿದು ಹತ್ತಿದಾಗ ಕಪಾಟಿನ ಬಾಗಿಲು ತೆರೆದುಕೊಳ್ಳುತ್ತದಲ್ಲ, ಅದು. ವಾಲುವುದಕ್ಕೆ ಮದ್ದು ಆಂಟಿ-ರೋಲ್ ಬಾರ್.

ಆ ಬಾರಿನ ಹೆಸರೇ ದೊಡ್ಡ ಗೊಂದಲ. "ಉರುಳುತಡೆ ಸರಳು" ಅಂದರೆ ಹೇಗೆ ಅಂತ ಒಬ್ಬರು ಸೂಚಿಸಿದರು. ನನಗೆ ಅದು ಒಪ್ಪಿಗೆಯಿಲ್ಲ. ಕನ್ನಡದಲ್ಲಿ ಗಾಡಿ ಉರುಳಿತು ಅಂದರೆ ಮಗುಚಿ ಬಿತ್ತು ಅಂತಲೇ ಅರ್ಥ. ಇದನ್ನು ಹಾಕಿಸಿದರೆ ಗಾಡಿ ಮಗುಚುವುದೇ ಇಲ್ಲ ಅಂತ ಓದುಗರು ನಂಬಿಬಿಟ್ಟರೆ ಅಪಾಯ. ಈ ಸರಳು ಮಾಡುವುದು ಇಷ್ಟೇ: ಎಡ ಚಕ್ರ ಮತ್ತು ಬಲ ಚಕ್ರ ಬೇರೆ ಬೇರೆ ಎತ್ತರಕ್ಕೆ ಹೋದಾಗ ಅದು ತಿರುಚಿಕೊಳ್ಳುತ್ತದೆ, ತಿರುಚುವುದನ್ನು ವಿರೋಧಿಸುತ್ತದೆ. ಎರಡೂ ಚಕ್ರ ಒಟ್ಟಿಗೆ ಏರಿ ಇಳಿದರೆ ಅದು ಸುಮ್ನೆ ಇರುತ್ತದೆ. ಹಾಗಾಗಿ ನನ್ನ ಕರಡಿನಲ್ಲಿ "ವಾಲುತಡೆ ಸರಳು" ಅಂತ ಬರೆದಿದ್ದೇನೆ. ಅಮೆರಿಕದವರು ಇದೇ ಸರಳನ್ನು "ಸ್ವೇ ಬಾರ್" ಅಂತಾರೆ. ಅಲ್ಲೂ ತೊಂದರೆ ಇದೆ. ಎಳೆದುಕೊಂಡು ಹೋಗುವ ಟ್ರೇಲರ್ ಹಿಂದೆ ಬೀಸಾಡದಂತೆ ಕೊಂಡಿಯ ಹತ್ತಿರ ಹಾಕುವ ಬೇರೆಯದೇ ಸಾಧನಕ್ಕೂ ಅದೇ ಹೆಸರಿದೆ.

ಈ ಸರಳನ್ನು ಹದ ಮಾಡುವ ಒಂದು ವಿಧಾನ ಕೈಪಿಡಿಯಲ್ಲಿ ಬರುತ್ತದೆ. ಕೆಲವು ಸರಳುಗಳ ತುದಿಯಲ್ಲಿ ಎರಡು ತೂತು ಇರುತ್ತವೆ. ಸರಳಿನ ತುದಿಯನ್ನು ಹಿಡಿದಿರುವ ಕೊಂಡಿಯನ್ನು ಹೊರಗಿನ ತೂತಿನಿಂದ ಒಳಗಿನ ತೂತಿಗೆ ಬದಲಿಸಿದರೆ ಸರಳಿನ ತೋಳು, ಅಂದರೆ ತುದಿಯ ಬಾಗಿದ ಭಾಗ, ಗಿಡ್ಡವಾಗುತ್ತದೆ. ಗಿಡ್ಡ ತೋಳಿನಿಂದ ಸರಳನ್ನು ತಿರುಚುವುದು ಕಷ್ಟ, ಹಾಗಾಗಿ ಗಾಡಿ ಕಡಿಮೆ ವಾಲುತ್ತದೆ. ಫೋರ್ಡ್ ಎಫ್-53 ಚಾಸಿಯ (ಮೋಟಾರ್‌ಹೋಮ್ ಕಟ್ಟಲು ಬಳಸುವ ತಳದ ಚೌಕಟ್ಟು) ಮಾಲೀಕರಲ್ಲಿ ಈ ರಿಪೇರಿ ಬಹಳ ಜನಪ್ರಿಯ, ಯಾಕೆಂದರೆ ಹೊಸ ಭಾಗ ಏನೂ ಬೇಕಿಲ್ಲ. ಲೆಕ್ಕವೂ ಚೆನ್ನಾಗಿದೆ. ತೋಳು 300 ಮಿಲಿಮೀಟರಿನಿಂದ 250ಕ್ಕೆ ಇಳಿದರೆ, ತಿರುಚುವ ಲೆಕ್ಕ ಮಾತ್ರ ಹಿಡಿದರೆ, ವಿರೋಧ 1.44 ಪಟ್ಟು ಆಗುತ್ತದೆ. ಸರಳಿನ ದಪ್ಪ ಇನ್ನೂ ಜೋರು: 25 ಮಿಲಿಮೀಟರಿನಿಂದ 28ಕ್ಕೆ ಹೋದರೆ ಸುಮಾರು 1.57 ಪಟ್ಟು. ಆದರೆ ಮುಂದಿನ ಚಕ್ರಗಳ ಸರಳನ್ನು ಮಾತ್ರ ಹೀಗೆ ಮಾಡಿ ಹಿಂದಿನದನ್ನು ಬಿಟ್ಟರೆ ಗಾಡಿ ತಿರುವಿನಲ್ಲಿ ತಿರುಗಲು ಹಿಂದೇಟು ಹಾಕುತ್ತದೆ. ಎರಡನ್ನೂ ಒಟ್ಟಿಗೆ ನೋಡಬೇಕು.

ಇಲ್ಲಿ ನನ್ನ ಮೊದಲ ಪ್ರಶ್ನೆ. ಆ "ವಿರೋಧ"ಕ್ಕೆ ಕನ್ನಡದಲ್ಲಿ ಏನು ಹೇಳೋಣ? "ಸರಳನ್ನು ಬಿಗಿ ಮಾಡಿ" ಅಂತ ಬರೆದರೆ ಓದುಗರು ನಟ್ಟನ್ನು ಬಿಗಿ ಮಾಡುತ್ತಾರೆ. ಅದರಲ್ಲಿ ಅವರ ತಪ್ಪಿಲ್ಲ. "ಗಟ್ಟಿ" ಅಂದರೆ ಮುರಿಯದ್ದು ಅಂತ ಆಗುತ್ತದೆ. "ಗಡಸು" ಅಂದರೆ ಲೋಹದ ಗುಣ. ನನಗೆ ಹೊಳೆದದ್ದು "ಸೆಟೆತ". ಸೆಟೆದು ನಿಂತ ಅಂತೀವಲ್ಲ, ಬಾಗಲು ಒಪ್ಪದೆ ನಿಲ್ಲುವುದು. ಸ್ಪ್ರಿಂಗಿಗೂ ಇದು ಹೊಂದುತ್ತದೆ: ಈ ಸ್ಪ್ರಿಂಗ್ ಸೆಟೆತ ಜಾಸ್ತಿ, ಆ ಸ್ಪ್ರಿಂಗ್ ಮೆತ್ತಗೆ. ಕಿವಿಗೆ ಒಗ್ಗುತ್ತದೆಯೇ, ದಯವಿಟ್ಟು ಹೇಳಿ.

ಇನ್ನು ನನ್ನ ಗೆಳೆಯರ ಕಾಯಿಲೆ. ಲಾರಿ ಹಿಂದಿನಿಂದ ಬಂದು ಹಾದುಹೋಗುವಾಗ ಅದು ತಳ್ಳಿದ ಗಾಳಿ ಮೊದಲು ಗಾಡಿಯ ಹಿಂಭಾಗಕ್ಕೆ ಬಡಿಯುತ್ತದೆ. ಕಮಾನು ಪಟ್ಟಿ, ಅಂದರೆ ಲೀಫ್ ಸ್ಪ್ರಿಂಗ್, ಮೇಲೆ ಕೆಳಗೆ ಬಾಗುವುದಕ್ಕೆ ಮಾಡಿದ್ದು. ಆದರೆ ಅದೂ ಅದರ ಕೀಲುಗಳಲ್ಲಿ ಕೂರುವ ರಬ್ಬರ್ ಬುಷ್‌ಗಳೂ ಪಕ್ಕಕ್ಕೂ ಒಂದಿಷ್ಟು ಬಾಗುತ್ತವೆ. ಹಿಂಬದಿ ಉದ್ದವಾಗಿ ಚಾಚಿಕೊಂಡ ಗಾಡಿಯಲ್ಲಿ ಮೈ ಆಕ್ಸಲ್ಲಿನ (ಎಡ-ಬಲ ಚಕ್ರ ಕೂಡಿಸುವ ಅಚ್ಚಿನ) ಮೇಲೆ ಪಕ್ಕಕ್ಕೆ ಸರಿಯುತ್ತದೆ. ಮುಂದೆ ಕೂತವರಿಗೆ, ಗಾಡಿಯನ್ನು ಹಿಂದಿನಿಂದ ಯಾರೋ ತಿರುಗಿಸಿದಂತೆ ಅನಿಸುತ್ತದೆ. ಇದಕ್ಕೆ ಮದ್ದು ಪ್ಯಾನ್ಹಾರ್ಡ್ ರಾಡ್. ಫ್ರಾನ್ಸಿನ ಪ್ಯಾನ್ಹಾರ್ಡ್ ಕಾರು ಕಂಪನಿಯಿಂದ ಬಂದ ಹೆಸರು. ಒಂದು ತುದಿ ಆಕ್ಸಲ್ಲಿಗೆ, ಇನ್ನೊಂದು ತುದಿ ಚಾಸಿಗೆ. ಅಡ್ಡಡ್ಡ ಕೂತು, ಆಕ್ಸಲ್ ಮೇಲೆ ಕೆಳಗೆ ಹೋಗಲು ಬಿಟ್ಟು ಪಕ್ಕಕ್ಕೆ ಹೋಗದಂತೆ ಹಿಡಿಯುತ್ತದೆ. ವಾಲುತಡೆ ಸರಳಿನಿಂದ ಈ ಕೆಲಸ ಆಗುವುದೇ ಇಲ್ಲ.

ಈ ಕಾಯಿಲೆಗೆ "ಬಾಲದ ಬೀಸು" ಅಂತ ಬರೆದಿದ್ದೇನೆ. "ಹಿಂಬದಿ ಹೊಯ್ದಾಟ" ಅಂತಲೂ ಯೋಚಿಸಿದೆ. ಹೊಯ್ದಾಟದಲ್ಲಿ ಗಾಳಿಗೆ ಸಿಕ್ಕಿದ ದೀಪ, ಅಲೆಗೆ ಸಿಕ್ಕಿದ ದೋಣಿ ಎರಡೂ ಕಣ್ಣಿಗೆ ಬರುತ್ತವೆ. ಹೊರಗಿನ ಹೊಡೆತದಿಂದ ಆಗುವ ಅಲುಗಾಟ ಅನ್ನುವುದು ಪದದಲ್ಲೇ ಇದೆ. ಆದರೆ ದೋಣಿ ಎಲ್ಲ ಕಡೆಗೂ ಹೊಯ್ದಾಡುತ್ತದೆ. ನನಗೆ ಬೇಕಾದದ್ದು ಪಕ್ಕಕ್ಕೆ ಮಾತ್ರ.

ಮೂರನೆಯದು, ನೇರ ರಸ್ತೆಯಲ್ಲಿ ಗಾಡಿ ತಾನಾಗಿ ಅತ್ತಿತ್ತ ಹೋಗುವುದು. ಸ್ಟೇರಿಂಗನ್ನು ಒಂದು ನಿಮಿಷ ಕೂಡ ಸುಮ್ಮನೆ ಹಿಡಿದಿರಲು ಆಗುವುದಿಲ್ಲ, ತಿದ್ದುತ್ತಲೇ ಇರಬೇಕು. ಸಂಜೆ ಹೊತ್ತಿಗೆ ಭುಜ ನೋಯುತ್ತದೆ. ಇದಕ್ಕೆ "ತೂರಾಟ" ಬಿಟ್ಟು ಬೇರೆ ಪದ ನನಗೆ ಬೇಡ. ಕುಡಿದವನು ನೇರ ದಾರಿಯಲ್ಲಿ ನಡೆಯುವ ಹಾಗೆಯೇ ಇರುತ್ತದೆ.

ತೂರಾಟಕ್ಕೆ ಕಾರಣ ಹಲವು. ಮುಂದಿನ ಚಕ್ರಗಳ ಮೇಲೆ ಭಾರ ಕಡಿಮೆಯಾಗಿರುವುದು ದೊಡ್ಡ ಕಾರಣ. ಒಂದು ಲೆಕ್ಕ ಕೊಡುತ್ತೇನೆ. ಮುಂದಿನ ಆಕ್ಸಲ್ಲಿಗೂ ಹಿಂದಿನದಕ್ಕೂ 4 ಮೀಟರ್ ದೂರ ಇದೆ ಅಂದುಕೊಳ್ಳಿ. ಹಿಂದಿನ ಆಕ್ಸಲ್ಲಿನಿಂದ 2 ಮೀಟರ್ ಹಿಂದೆ 100 ಕಿಲೋ ಸಾಮಾನು ಇಟ್ಟರೆ ಹಿಂದಿನ ಆಕ್ಸಲ್ಲಿಗೆ 150 ಕಿಲೋ ಸೇರುತ್ತದೆ. ಮುಂದಿನದರಿಂದ 50 ಕಿಲೋ ಎದ್ದುಹೋಗುತ್ತದೆ. ಎಷ್ಟೋ ಗಾಡಿಗಳಿಗೆ ಸ್ಪ್ಯಾನರ್ ಮುಟ್ಟುವ ಮೊದಲು ಸಾಮಾನು ಮುಂದಕ್ಕೆ ಸರಿಸಿದರೇ ಅರ್ಧ ಕೆಲಸ ಮುಗಿಯುತ್ತದೆ. ಈ ಮಾತನ್ನು ಕೈಪಿಡಿಯ ಮೊದಲ ಪುಟದಲ್ಲೇ ಹಾಕುತ್ತಿದ್ದೇನೆ.

ಹಿಂದೆ ಭಾರ ಜಾಸ್ತಿಯಾಗಿ ಗಾಡಿ ತಗ್ಗುವುದಕ್ಕೆ ಒಳ್ಳೆಯ ಮಾತು ನಮ್ಮಲ್ಲಿ ಆಗಲೇ ಇದೆ: "ಗಾಡಿ ಹಿಂದೆ ಕೂತಿದೆ". ಇದರಲ್ಲಿ ಚರ್ಚೆಗೆ ಏನೂ ಇಲ್ಲ.

ಕೂತ ಗಾಡಿಯನ್ನು ಎಬ್ಬಿಸಲು ಚಾಸಿ ಮತ್ತು ಆಕ್ಸಲ್ ನಡುವೆ ರಬ್ಬರಿನ ಗಾಳಿ ತುಂಬುವ ಚೀಲ ಹಾಕುತ್ತಾರೆ. ಅದನ್ನು ಏರ್‌ಬ್ಯಾಗ್ ಅಂದುಬಿಟ್ಟರೆ ಅಪಘಾತದಲ್ಲಿ ಉಬ್ಬುವ ಏರ್‌ಬ್ಯಾಗ್ ಜೊತೆ ಬೆರೆಯುತ್ತದೆ. "ಗಾಳಿ ಸ್ಪ್ರಿಂಗ್" ಸಾಕು ಅಂತ ನನ್ನ ಅಭಿಪ್ರಾಯ. ಸ್ಪ್ರಿಂಗಿಗೆ "ಬುಗ್ಗೆ" ಬೇಡ, ಅದು ನೀರು ಚಿಮ್ಮುವ ಜಾಗ. ಈ ಸ್ಪ್ರಿಂಗ್ ಗಾಡಿಯನ್ನು ಮೇಲೆತ್ತುತ್ತದೆ, ಆದರೆ ಗಾಡಿ ಹೊರಬಹುದಾದ ಭಾರದ ಮಿತಿ ಹೆಚ್ಚುವುದಿಲ್ಲ. "ಬಲ ಹೆಚ್ಚಿಸುತ್ತದೆ" ಅಂತ ಬರೆದರೆ ಜನ ಇನ್ನೂ ಸಾಮಾನು ತುಂಬುತ್ತಾರೆ. ಜೊತೆಗೆ, ಹಿಂದೆ ಬಹಳ ಎತ್ತಿದರೆ ಮುಂದಿನ ಚಕ್ರದ ಕ್ಯಾಸ್ಟರ್ ಕೋನ (ಸ್ಟೇರಿಂಗ್ ತಿರುಗುವ ಅಕ್ಷ ಹಿಂದಕ್ಕೆ ಬಾಗಿರುವ ಕೋನ) ಕಡಿಮೆಯಾಗುತ್ತದೆ. ಸ್ಟೇರಿಂಗ್ ತಾನಾಗಿ ನೇರಕ್ಕೆ ಬರುವ ಗುಣ ಆ ಕೋನದಿಂದ ಬರುವುದು. ಅಂದರೆ ಕೂತಿದ್ದು ಎದ್ದಿತು, ತೂರಾಟ ಶುರುವಾಯಿತು.

ಈಗ ನನ್ನನ್ನು ಬಹಳ ಕಾಡುತ್ತಿರುವ ಪದ: ಗಾಳಿ. ಕರಡಿನಲ್ಲಿ ಒಂದು ವಾಕ್ಯ ಹೀಗಿತ್ತು: "ಗಾಳಿ ಜಾಸ್ತಿಯಾದರೆ ಗಾಡಿ ತೂರಾಡುತ್ತದೆ." ಓದಿದ ಮೂವರು ಮೂರು ಅರ್ಥ ಮಾಡಿಕೊಂಡರು. ಒಬ್ಬರು ಬೀಸುವ ಗಾಳಿ ಅಂದರು. ಒಬ್ಬರು ಟೈರಿನ ಗಾಳಿ ಅಂದರು. ಮೂರನೆಯವರು ಗಾಳಿ ಸ್ಪ್ರಿಂಗಿನದ್ದು ಅಂದುಕೊಂಡರು. ಮೂರೂ ನಿಜವೇ! ನಾನು ಹೇಳಹೊರಟಿದ್ದು ಟೈರಿನದ್ದು. ಟೈರಿನ ಪಕ್ಕದಲ್ಲಿ ಅಚ್ಚಾದ ಗರಿಷ್ಠ ಅಂಕಿಯವರೆಗೂ ಗಾಳಿ ತುಂಬುವ ಅಭ್ಯಾಸ ಹಲವರಿಗಿದೆ. ಅದರ ಬದಲು ಸಾಮಾನು, ನೀರು, ಜನ ಎಲ್ಲ ತುಂಬಿ, ಪ್ರತಿ ಆಕ್ಸಲ್ಲಿನ ತೂಕ ಹಾಕಿಸಬೇಕು. ಆಮೇಲೆ ಟೈರ್ ತಯಾರಕರ ಪಟ್ಟಿಯಲ್ಲಿ ಆ ಭಾರಕ್ಕೆ ಎಷ್ಟು ಒತ್ತಡ ಅಂತ ನೋಡಿ, ಟೈರ್ ತಣ್ಣಗಿರುವಾಗ ತುಂಬಬೇಕು. ಪಟ್ಟಿಗಿಂತ ಕಡಿಮೆ ಮಾಡುವುದು ಇನ್ನೂ ಅಪಾಯ, ಟೈರ್ ಬಿಸಿಯಾಗುತ್ತದೆ. ಹಾಗಾಗಿ "ಗಾಳಿ", "ಟೈರಿನ ಒತ್ತಡ", "ಸ್ಪ್ರಿಂಗಿನ ಒತ್ತಡ" ಅಂತ ಬೇರೆ ಮಾಡಿದ್ದೇನೆ. ಆದರೆ ಯಾರೂ "ಒತ್ತಡ ಹೊಡೆಸಿಕೊಂಡು ಬಾ" ಅನ್ನುವುದಿಲ್ಲ, ಅಲ್ವಾ? ಮಾತಿನ ಪದವನ್ನೂ ಉಳಿಸಿಕೊಂಡು ಗೊಂದಲವನ್ನೂ ತಪ್ಪಿಸುವ ದಾರಿ ಇದೆಯೇ?

ಶಾಕ್ ಅಬ್ಸಾರ್ಬರ್ ಬಗ್ಗೆ ಎರಡು ಮಾತು. ಹೆಸರು ಕುಲುಕು ನುಂಗುವುದು ಅನ್ನುತ್ತದೆ. ನಿಜದಲ್ಲಿ ಹೊಡೆತ ನುಂಗುವುದು ಸ್ಪ್ರಿಂಗ್. ಆಮೇಲೆ ಸ್ಪ್ರಿಂಗ್ ಕುಣಿಯುತ್ತಲೇ ಇರದಂತೆ ನಿಲ್ಲಿಸುವುದು ಇದು, ಆ ಕುಣಿತವನ್ನು ಬಿಸಿಯಾಗಿ ಬದಲಿಸುತ್ತದೆ. ಅದಕ್ಕೇ ಒರಟು ರಸ್ತೆಯಲ್ಲಿ ಓಡಿ ಬಂದ ಮೇಲೆ ನಾಲ್ಕರಲ್ಲಿ ಒಂದು ಮಾತ್ರ ತಣ್ಣಗಿದ್ದರೆ ಅದರ ಮೇಲೆ ಅನುಮಾನ ಪಡಬೇಕು. "ಕುಣಿತತಡೆ" ಅನ್ನಬಹುದು, ಆದರೆ ಶಾಕ್ ಅಬ್ಸಾರ್ಬರ್ ಎಲ್ಲರ ಬಾಯಲ್ಲೂ ನೆಲೆಸಿದ ಪದ. ಹೆಸರು ಹಾಗೇ ಇಟ್ಟು ಕೆಲಸವನ್ನು ವಿವರಿಸುತ್ತೇನೆ.

ಸಸ್ಪೆನ್ಷನ್ನನ್ನೂ ಹಾಗೇ ಇಡುತ್ತೇನೆ. "ಅಮಾನತು" ನೌಕರರಿಗೆ ಆಗುವಂಥದ್ದು, ಯಂತ್ರದ ಅನುವಾದಗಳಲ್ಲಿ ಅದು ಬಂದಾಗ ಬೇಜಾರಾಗುತ್ತದೆ. "ತೂಗು ವ್ಯವಸ್ಥೆ" ಹಳೆಯ ಸಾರೋಟುಗಳಿಗೆ ಸರಿಯಿತ್ತು, ಅವುಗಳ ಮೈಯನ್ನು ಚರ್ಮದ ಪಟ್ಟಿಗಳಿಂದ ನಿಜವಾಗಿಯೂ ತೂಗಹಾಕುತ್ತಿದ್ದರು. ಈಗಿನ ಗಾಡಿ ಸ್ಪ್ರಿಂಗಿನ ಮೇಲೆ ಕೂತಿರುತ್ತದೆ.

"ಹ್ಯಾಂಡ್ಲಿಂಗ್" ಮಾತ್ರ ಬಿಡಲಾರೆ, ಕೈಪಿಡಿಯ ಹೆಸರಿನಲ್ಲೇ ಅದು ಬೇಕು. "ನಿರ್ವಹಣೆ" ಅಂತ ಬಹಳ ಕಡೆ ಬರೆಯುತ್ತಾರೆ. ಆಯಿಲ್ ಬದಲಿಸುವುದಕ್ಕೂ ಅದೇ ಪದ, ಆಗಬಾರದು. "ಹಿಡಿತ" ಅಂದರೆ ಟೈರ್ ರಸ್ತೆಯನ್ನು ಹಿಡಿಯುವುದು. "ಹತೋಟಿ" ಹತ್ತಿರ ಬರುತ್ತದೆ, ಆದರೆ ಹತೋಟಿ ಓಡಿಸುವವರದು, ಗಾಡಿಯದಲ್ಲ. ನಮ್ಮ ಓಡಿಸುವವರು ಹೇಳುವುದು "ಗಾಡಿ ಮಾತು ಕೇಳುತ್ತದೆ" ಅಂತ. ಎಷ್ಟು ಚೆಂದದ ಮಾತು! ಅದನ್ನೇ ನಾಮಪದ ಮಾಡಲು ನನಗೆ ಆಗುತ್ತಿಲ್ಲ.

ಇನ್ನೊಂದು ಕಡೆ ಪದ ತಪ್ಪಿದರೆ ಜೀವಕ್ಕೇ ತೊಂದರೆ. "ಗಾಡಿ ಎತ್ತಿ ಕೆಲಸ ಮಾಡಿ" ಅಂತ ಬರೆಯುವಂತಿಲ್ಲ. ಜಾಕ್ ಎತ್ತುವುದಕ್ಕೆ ಮಾತ್ರ, ಹೊತ್ತು ನಿಲ್ಲುವುದು ಸ್ಟ್ಯಾಂಡ್. ಬರೀ ಜಾಕ್ ಮೇಲೆ ನಿಂತ ಗಾಡಿಯ ಕೆಳಗೆ ಯಾರೂ ಹೋಗಬಾರದು. ವಾಲುತಡೆ ಸರಳಿನ ಕೊಂಡಿ ಬಿಚ್ಚುವಾಗ ಎರಡೂ ಚಕ್ರ ಒಂದೇ ಎತ್ತರದಲ್ಲಿರಬೇಕು, ಇಲ್ಲದಿದ್ದರೆ ತಿರುಚಿಕೊಂಡ ಸರಳು ಕೈಗೆ ಹೊಡೆಯುತ್ತದೆ. ಲೋಹಕ್ಕೆ ಅಂಟಿಸಿದ ರಬ್ಬರ್ ಬುಷ್‌ಗಳನ್ನು ಕೊನೆಯ ಬಿಗಿ ಮಾಡುವುದು ಗಾಡಿ ತನ್ನ ಭಾರದಲ್ಲಿ ನೆಲದ ಮೇಲೆ ನಿಂತಾಗ. ಆ ಎತ್ತರಕ್ಕೆ "ನಿಲುವಿನ ಎತ್ತರ" ಅಂತ ಬರೆದಿದ್ದೇನೆ. ಅದನ್ನು ಓದಿ, ಗಾಡಿ ಜಾಕ್ ಮೇಲೆ ನಿಂತಾಗಿನ ಎತ್ತರ ಅಂತ ಯಾರಾದರೂ ತಿಳಿದಾರೇ?

ಹೊಸ ಪದ ಕಟ್ಟಿ ಕಳಿಸಬೇಕಿಲ್ಲ. ದೊಡ್ಡ ಗಾಡಿ ಓಡಿಸುವವರು ನಿಮ್ಮ ಪರಿಚಯದಲ್ಲಿದ್ದರೆ, ಪಕ್ಕದಲ್ಲಿ ಲಾರಿ ಹೋದಾಗ ಗಾಡಿ ಏನು ಮಾಡುತ್ತದೆ ಅಂತ ಕೇಳಿ. ಅವರ ಬಾಯಿಂದ ಬಂದ ವಾಕ್ಯವನ್ನು ಹಾಗೇ ಬರೆದು ಕಳಿಸಿ.