'ಎಡವುಗಲ್ಲು' ಅನ್ನಬಹುದೇ? ಬುಡಾಪೆಸ್ಟಿನ ಹಿತ್ತಾಳೆ ಕಲ್ಲುಗಳಿಗೆ ಕನ್ನಡ ಪದ ಬೇಕು

ಎಲ್ಲರಿಗೂ ನಮಸ್ಕಾರ.

ಒಂದು ಪದಕ್ಕಾಗಿ ಮೂರು ವಾರದಿಂದ ಒದ್ದಾಡುತ್ತಿದ್ದೇನೆ. ಒಬ್ಬಳೇ ಕೂತು ಬಗೆಹರಿಸುವುದು ಆಗಲಿಲ್ಲ. ಅದಕ್ಕೇ ನಿಮ್ಮ ಮುಂದೆ ಇಡುತ್ತಿದ್ದೇನೆ.

ನಮ್ಮ ಅಕ್ಕನ ಮಗಳು ಹಂಗೇರಿಯ ಬುಡಾಪೆಸ್ಟಿನಲ್ಲಿ ಓದುತ್ತಿದ್ದಾಳೆ. ಹೋದ ತಿಂಗಳು ಒಂದು ಫೋಟೋ ಕಳಿಸಿದಳು. ಹಳೇ ಮನೆಯೊಂದರ ಬಾಗಿಲ ಮುಂದಿನ ಫುಟ್‌ಪಾತ್. ಬೂದು ಬಣ್ಣದ ಹಾಸುಗಲ್ಲುಗಳ ನಡುವೆ ಅಂಗೈಯಗಲದ ಒಂದು ಹಿತ್ತಾಳೆ ತಗಡು. ಅದರ ಮೇಲೆ ಐದಾರು ಸಾಲು ಅಕ್ಷರ. ಅಚ್ಚು ಹಾಕಿದ್ದಲ್ಲ, ಒಂದೊಂದೇ ಅಕ್ಷರವನ್ನು ಸುತ್ತಿಗೆಯಲ್ಲಿ ಹೊಡೆದು ಮೂಡಿಸಿದ್ದು. ದೊಡ್ಡದು ಮಾಡಿ ನೋಡಿದರೆ ಎರಡನೇ ಸಾಲಿನ ಒಂದು ಅಕ್ಷರ ಚೂರು ವಾಲಿರುವುದು ಕಾಣುತ್ತದೆ. ತಗಡಿನ ಅಂಚು ಕಪ್ಪಗಾಗಿದೆ, ನಡುವೆ ಮಾತ್ರ ಹೊಳೆಯುತ್ತಿದೆ. ಯಾರೋ ಆಗಾಗ ಉಜ್ಜುತ್ತಾರೆ ಅಂತ ಗೊತ್ತಾಗುತ್ತದೆ. ಹುಣಸೆಹಣ್ಣು ಹಾಕಿ ಹಿತ್ತಾಳೆ ತಿಕ್ಕಿದವರಿಗೆ ಆ ಹೊಳಪು ಚೆನ್ನಾಗಿ ಗೊತ್ತು. ಜೊತೆಗೆ ಒಂದು ಸಾಲು ಬರೆದಿದ್ದಳು: "ಚಿಕ್ಕಮ್ಮಾ, ಇದಕ್ಕೆ ಕನ್ನಡದಲ್ಲಿ ಏನಂತ ಹೇಳೋದು?"

ನಮ್ಮೂರಿನ ಗ್ರಂಥಾಲಯದ ಗೋಡೆಪತ್ರಿಕೆಗೆ ಮಕ್ಕಳಿಗಾಗಿ ಇದರ ಬಗ್ಗೆ ಒಂದು ಪುಟ ಬರೆಯೋಣ ಅಂತ ಹೊರಟೆ. ಮೊದಲ ಸಾಲಿನಲ್ಲೇ ಸಿಕ್ಕಿಕೊಂಡೆ.

ಇದು ಏನು ಅಂತ ಚುಟುಕಾಗಿ ಹೇಳಿಬಿಡುತ್ತೇನೆ. ಹತ್ತು ಸೆಂಟಿಮೀಟರ್ ಉದ್ದ, ಅಗಲ, ಎತ್ತರದ ಕಾಂಕ್ರೀಟ್ ಕಲ್ಲು, ನೆತ್ತಿಯ ಮೇಲೆ ಹಿತ್ತಾಳೆ ತಗಡು. ನಾಜಿಗಳು ಮತ್ತು ಅವರ ಜೊತೆಗಾರರು ಹಿಡಿದುಕೊಂಡು ಹೋದ, ಕೊಂದ ಜನ ಯಾವ ಮನೆಯಲ್ಲಿದ್ದರೋ ಅದರ ಮುಂದೆ, ಬೀದಿಯ ನೆಲದಲ್ಲೇ ಹೂಳುತ್ತಾರೆ. ಒಬ್ಬರಿಗೆ ಒಂದು ಕಲ್ಲು. ಯಹೂದಿಗಳಿಗೆ ಮಾತ್ರ ಅಲ್ಲ, ಯೂರೋಪಿನ ಅಲೆಮಾರಿ ಸಮುದಾಯ ಅಂತ ಕರೆಸಿಕೊಂಡ ರೋಮಾ ಜನಕ್ಕೆ, ನಾಜಿಗಳನ್ನು ಎದುರಿಸಿದವರಿಗೆ, ಎಲ್ಲರಿಗೂ. ಜರ್ಮನಿಯ ಕಲಾವಿದ ಗುಂಟರ್ ಡೆಮ್ನಿಗ್ 1992ರಲ್ಲಿ ಕಲೋನ್ ನಗರದಲ್ಲಿ ಮೊದಲ ಕಲ್ಲು ಇಟ್ಟರು. ಹಂಗೇರಿಗೆ ಅದು ಬಂದಿದ್ದು 2007ರಲ್ಲಿ. 2023ರಲ್ಲಿ ಯೂರೋಪಿನಾದ್ಯಂತ ಸೇರಿ ಒಂದು ಲಕ್ಷ ಕಲ್ಲು ಆಯಿತು.

ಜರ್ಮನ್ನರು ಇದಕ್ಕೆ 'ಶ್ಟೋಲ್ಪರ್‌ಶ್ಟೈನ್' ಅನ್ನುತ್ತಾರೆ. ಶ್ಟೋಲ್ಪರ್ ಅಂದರೆ ಎಡವು, ಶ್ಟೈನ್ ಅಂದರೆ ಕಲ್ಲು. ಹಂಗೇರಿಯನ್ನರು 'ಬೊತ್ಲತೋಕೋ' ಅನ್ನುತ್ತಾರೆ. 'ಕೋ' ಕಲ್ಲು. 'ಬೊತ್ಲತೋ' ಅಂದರೆ ಎಡವಿಸುವಂಥದ್ದು. ವ್ಯತ್ಯಾಸ ನೋಡಿ. ಜರ್ಮನ್ ಪದದಲ್ಲಿ ಬರೀ 'ಎಡವು' ಇದೆ. ಹಂಗೇರಿಯನ್ ಪದದಲ್ಲಿ 'ಎಡವಿಸು' ಇದೆ, ಅಂದರೆ ಕಲ್ಲೇ ನಮ್ಮನ್ನು ಎಡವುವಂತೆ ಮಾಡುತ್ತದೆ. ನಮ್ಮಲ್ಲಿ ಎರಡೂ ಆಗುತ್ತದೆ: ಎಡವುಗಲ್ಲು, ಎಡವಿಸುಗಲ್ಲು. ಎರಡನೆಯದು ಬಾಯಲ್ಲಿ ತಿರುಗುವುದಿಲ್ಲ ಅಂತ ನನಗನ್ನಿಸುತ್ತದೆ. ಮೊದಲನೆಯದು ಹಾಸುಗಲ್ಲಿನ ಪಕ್ಕದಲ್ಲಿ ಸಲೀಸಾಗಿ ಕೂರುತ್ತದೆ. ಹಾಸು, ಹಾಸುಗಲ್ಲು. ಎಡವು, ಎಡವುಗಲ್ಲು. ಆದರೆ ಬೀಸುಕಲ್ಲಿನಲ್ಲಿ ಕ ಹಾಗೇ ಉಳಿದಿದೆ. ಹಾಗಾದರೆ 'ಎಡವುಕಲ್ಲು' ಅನ್ನಬೇಕಾ? ನನ್ನ ಕಿವಿಗೆ ಗ ಹಿತ. ವ್ಯಾಕರಣ ಬಲ್ಲವರು ಹೇಳಿ.

ಈಗ ತೊಡಕಿನ ವಿಷಯ. ಎಡವು ಅಂದರೆ ನಮ್ಮಲ್ಲಿ ತಪ್ಪು ಮಾಡು ಅಂತಲೂ ಆಗುತ್ತದೆ. ಚುನಾವಣೆ ಮುಗಿದ ಮಾರನೇ ದಿನ ಪತ್ರಿಕೆಯಲ್ಲಿ 'ಎಡವಿದ್ದೆಲ್ಲಿ?' ಅಂತ ತಲೆಬರಹ ಬರುತ್ತದಲ್ಲ, ಹಾಗೆ. ಬೈಬಲಿನ ಕನ್ನಡದಲ್ಲಿ 'ಎಡವುವ ಕಲ್ಲು' ಬರುತ್ತದೆ. ಅಲ್ಲೂ ಅದು ದಾರಿ ತಪ್ಪಿಸಿ ಬೀಳಿಸುವ ಕಲ್ಲು. ಹೀಗಾಗಿ ಎಡವುಗಲ್ಲು ಅಂದಕೂಡಲೇ ಓದುವವರು 'ಅಡ್ಡಗಲ್ಲು, ಅಡಚಣೆ' ಅಂದುಕೊಂಡರೆ ಏನು ಮಾಡೋಣ ಅನ್ನುವ ಭಯ ಇದೆ. ಈ ಕಲ್ಲು ಯಾರನ್ನೂ ಬೀಳಿಸುವುದಿಲ್ಲ. ನೆಲದ ಮಟ್ಟಕ್ಕೇ ಇರುತ್ತದೆ. ಎಡವುವುದು ಕಣ್ಣು, ಆಮೇಲೆ ಮನಸ್ಸು.

ಆದರೂ ನನ್ನ ಒಲವು ಎಡವುಗಲ್ಲಿನ ಕಡೆಗೇ. ಯಾಕೆ ಅಂತ ಹೇಳುತ್ತೇನೆ. ಹೊರಗೆ ಹೊರಟಾಗ ಹೊಸ್ತಿಲು ಎಡವಿದರೆ ನಮ್ಮಜ್ಜಿ ಬಿಡುತ್ತಿರಲಿಲ್ಲ. "ಸ್ವಲ್ಪ ಕೂತು, ಒಂದು ಲೋಟ ನೀರು ಕುಡಿದು ಹೋಗು" ಅನ್ನುತ್ತಿದ್ದರು. ನಿಮ್ಮ ಮನೆಗಳಲ್ಲೂ ಇದು ಇರಬಹುದು. ಎಡವಿದರೆ ನಿಲ್ಲಬೇಕು. ಅವಸರ ಎಷ್ಟೇ ಇರಲಿ, ನಿಂತು ಹೋಗಬೇಕು. ಆ ಕಲ್ಲು ಕೇಳುವುದೂ ಅಷ್ಟನ್ನೇ. ನಮ್ಮ 'ಎಡವು' ಪದದೊಳಗೆ ಈ ನಿಲ್ಲುವಿಕೆ ಮೊದಲೇ ಇದೆ ಅಲ್ವಾ?

ಬೇರೆ ಪದಗಳನ್ನೂ ನೋಡಿದೆ. ಒಬ್ಬ ಗೆಳತಿ "ಸುಮ್ನೆ ವೀರಗಲ್ಲು ಅಂತ ಬರಿ, ಎಲ್ಲರಿಗೂ ಗೊತ್ತಾಗುತ್ತೆ" ಅಂದಳು. ಒಪ್ಪಲು ಆಗಲಿಲ್ಲ. ವೀರಗಲ್ಲು ಹೋರಾಡಿ ಸತ್ತವರಿಗೆ ನಿಲ್ಲಿಸಿದ್ದು. ತುರು ಕಾಯಲು ಹೋಗಿ, ಊರು ಉಳಿಸಲು ಹೋಗಿ ಮಡಿದವರು ಅವರು. ಕಲ್ಲಿನ ಮೇಲ್ಪಟ್ಟಿಕೆಯಲ್ಲಿ ಅವರಿಗೆ ಸ್ವರ್ಗ ಸಿಕ್ಕಿರುತ್ತದೆ. ನಿಸಿದಿಗಲ್ಲು ತಾವಾಗಿ ಊಟ ಬಿಟ್ಟು ಸಾವನ್ನು ಬರಮಾಡಿಕೊಂಡವರದ್ದು. ಈ ಹಿತ್ತಾಳೆ ಕಲ್ಲಿನವರು ಯುದ್ಧಕ್ಕೂ ಹೊರಟವರಲ್ಲ, ಸಾವನ್ನೂ ಆರಿಸಿಕೊಂಡವರಲ್ಲ. ಮನೆಯಲ್ಲಿದ್ದರು, ಅಷ್ಟೇ. ಅಂಗಡಿ ಇಟ್ಟಿದ್ದರು, ಶಾಲೆಗೆ ಹೋಗುತ್ತಿದ್ದರು. 'ನೆನಪುಗಲ್ಲು' ತಪ್ಪಲ್ಲ, ಆದರೆ ಅದು ಯಾವ ಸ್ಮಾರಕಕ್ಕೂ ಹೊಂದುತ್ತದೆ. 'ಹೆಸರುಗಲ್ಲು' ನನಗೆ ತುಂಬಾ ಹಿಡಿಸಿತು. ಹೆಸರು ಮರೆತಾಗಲೇ ಮನುಷ್ಯ ನಿಜಕ್ಕೂ ಮರೆತುಹೋಗುವುದು ಅನ್ನುವ ಮಾತನ್ನು, ಅದು ಯಹೂದಿಗಳ ಧರ್ಮಗ್ರಂಥ ತಾಲ್ಮುದಿನದು ಅಂತ, ಡೆಮ್ನಿಗ್ ಯಾವಾಗಲೂ ಹೇಳುತ್ತಾರಂತೆ. ಎಡವುಗಲ್ಲು ಯಾರಿಗೂ ಹಿಡಿಸದಿದ್ದರೆ ನಾನು ಹೆಸರುಗಲ್ಲಿಗೆ ಹೋಗುತ್ತೇನೆ.

ಹೆಸರನ್ನು ತುಳಿಯುವುದಾ ಅನ್ನುವ ಪ್ರಶ್ನೆ ನಿಮಗೂ ಬಂದಿರಬಹುದು. ಕಾಲಿಗೆ ಪುಸ್ತಕ ತಾಗಿದರೆ ಕಣ್ಣಿಗೆ ಒತ್ತಿಕೊಳ್ಳುವವರು ನಾವು. ಜರ್ಮನಿಯಲ್ಲೂ ಇದೇ ವಾದ ಎದ್ದಿತ್ತು. ಸತ್ತವರ ಹೆಸರನ್ನು ಮತ್ತೆ ಕಾಲಡಿಗೆ ಹಾಕಬಾರದು ಅಂತ ಮ್ಯೂನಿಕ್‌ನ ಯಹೂದಿ ಸಮುದಾಯದ ಮುಂದಾಳು ಗಟ್ಟಿಯಾಗಿ ಹೇಳಿದರು. ಆ ನಗರ ಇಂದಿಗೂ ತನ್ನ ಬೀದಿಗಳಲ್ಲಿ ಈ ಕಲ್ಲಿಗೆ ಜಾಗ ಕೊಟ್ಟಿಲ್ಲ. ಆ ನೋವು ನನಗೆ ಅರ್ಥವಾಗುತ್ತದೆ. ಇನ್ನೊಂದು ಕಡೆಯವರು, ಓದಬೇಕಾದರೆ ಬಾಗಲೇಬೇಕಲ್ಲ, ಆ ಬಾಗುವುದೇ ನಮಸ್ಕಾರ ಅನ್ನುತ್ತಾರೆ. ನಮ್ಮ ದೇವಸ್ಥಾನಗಳ ಬಾಗಿಲಲ್ಲಿ ನೆಲದ ಮೇಲೆ ಅಡ್ಡಬಿದ್ದ ಭಕ್ತರನ್ನು ಕೆತ್ತಿರುತ್ತಾರೆ. ಆದರೆ ಅವರು ಬಯಸಿ ಅಲ್ಲಿ ಮಲಗಿದವರು. ಇವರು ಬಯಸಿರಲಿಲ್ಲ. ಅದಕ್ಕೇ ಆ ಹೋಲಿಕೆಯನ್ನು ಮಕ್ಕಳ ಪುಟದಿಂದ ತೆಗೆದುಹಾಕಿದೆ.

ಕಲ್ಲಿನ ಹೆಸರಿಗಿಂತ ಕಲ್ಲಿನ ಮೇಲಿನ ಮಾತು ನನ್ನನ್ನು ಜಾಸ್ತಿ ಕಾಡಿತು. ಮೊದಲ ಸಾಲು 'ಇತ್ತ್ ಲಕೊತ್ತ್'. 'ಇತ್ತ್' ಅಂದರೆ ಇಲ್ಲಿ, 'ಒತ್ತ್' ಅಂದರೆ ಅಲ್ಲಿ. ನಮ್ಮ ಇತ್ತ, ಅತ್ತ ನೆನಪಾಗುತ್ತದೆ. ನಂಟೇನೂ ಇಲ್ಲ, ಸದ್ದು ಕೂಡಿಬಂದಿದೆ ಅಷ್ಟೇ. ಆದರೂ ಫೋಟೋದಲ್ಲಿ ಆ ಪದ ಓದಿದಾಗ ಪಕ್ಕದ ಬೀದಿಯಿಂದ ಯಾರೋ ಕರೆದ ಹಾಗಾಯಿತು. 'ಲಕೊತ್ತ್' ಅಂದರೆ ವಾಸವಿದ್ದರು. ಜೀವಿಸಿದ್ದರು ಅನ್ನುವುದಕ್ಕೆ ಅವರಲ್ಲಿ ಬೇರೆಯೇ ಪದ ಇದೆ. ಹಾಗಾಗಿ 'ಇಲ್ಲಿ ಬಾಳಿದರು' ಅಂದರೆ ದೊಡ್ಡದಾಯಿತು. 'ಇಲ್ಲಿ ವಾಸವಾಗಿದ್ದರು' ಸರ್ಕಾರಿ ಫಲಕದ ಭಾಷೆ. 'ಇಲ್ಲಿ ಇವರ ಮನೆ ಇತ್ತು' ಅನ್ನುವುದು ನಾವು ಆಡುವ ಮಾತು. ಇಲ್ಲಿ ಮನೆ ಅನ್ನುವ ಪದಕ್ಕೆ ತೂಕ ಇದೆ. 1944ರ ಜೂನಿನಲ್ಲಿ ಬುಡಾಪೆಸ್ಟಿನ ಯಹೂದಿಗಳನ್ನು ಅವರವರ ಮನೆಯಿಂದ ಎಬ್ಬಿಸಿ, ಬಾಗಿಲ ಮೇಲೆ ಹಳದಿ ನಕ್ಷತ್ರ ಹಾಕಿದ ಕಟ್ಟಡಗಳಿಗೆ ತುಂಬಿದರು. ಅಂಥ ಕಟ್ಟಡ ಸುಮಾರು ಎರಡು ಸಾವಿರ ಇದ್ದವು. ಕಲ್ಲು ಇಡುವುದು ಅವುಗಳ ಮುಂದೆ ಅಲ್ಲ. ತಾವಾಗಿ ಆರಿಸಿಕೊಂಡಿದ್ದ ಕೊನೆಯ ಮನೆಯ ಮುಂದೆ ಇಡಬೇಕು ಅನ್ನುವುದು ಈ ಕೆಲಸದ ನಿಯಮ.

ಹಂಗೇರಿಯನ್ ಕ್ರಿಯಾಪದದಲ್ಲಿ ಗಂಡು ಹೆಣ್ಣು ಅನ್ನುವ ಭೇದ ಇಲ್ಲ. ಮುದುಕರಿಗೂ ಮಗುವಿಗೂ 'ಲಕೊತ್ತ್' ಒಂದೇ. ನಮ್ಮಲ್ಲಿ ಇದ್ದನು, ಇದ್ದಳು, ಇದ್ದರು, ಯಾವುದಾದರೂ ಒಂದನ್ನು ಹಿಡಿಯಲೇಬೇಕು. ನಾಲ್ಕು ವರ್ಷದ ಹುಡುಗಿಗೆ 'ಇದ್ದರು' ಅಂದರೆ ಅವಳು ಮಗು ಅನ್ನುವುದೇ ಅಳಿಸಿಹೋಗುತ್ತದೆ. 'ಇವಳ ಮನೆ ಇತ್ತು' ಅನ್ನುವುದೇ ಸರಿ ಅಂತ ಕಾಣುತ್ತದೆ.

ಆಮೇಲೆ ಕೊನೆಯ ಸಾಲು: 'ಮೆಗ್‌ದ್ಯಿಲ್ಕೊಲ್ತಾಕ್'. ಒಂದೇ ಪದ. ಅದರ ಬಾಲದಲ್ಲಿರುವ 'ತಾಕ್' ಎರಡು ಮಾತು ಹೇಳುತ್ತದೆ. ಮಾಡಿದವರು ಹಲವರು, ಮತ್ತು ಮಾಡಿದ್ದು ಗೊತ್ತಿರುವ ಒಬ್ಬರಿಗೆ. 'ಅವರು ಇವರನ್ನು ಕೊಂದರು' ಅನ್ನುವಷ್ಟೂ ಆ ಒಂದು ಪದದಲ್ಲಿದೆ. ನನ್ನ ಮೊದಲ ಕರಡಿನಲ್ಲಿ 'ಹತ್ಯೆಗೀಡಾದರು' ಅಂತ ಬರೆದಿದ್ದೆ. ಆಮೇಲೆ 'ಬಲಿಯಾದರು' ಅಂತ ತಿದ್ದಿದೆ. ಎರಡು ದಿನ ಬಿಟ್ಟು ಓದಿದಾಗ ಹೊಟ್ಟೆಯಲ್ಲಿ ಕಸಿವಿಸಿ ಆಯಿತು. ಆ ವಾಕ್ಯಗಳಲ್ಲಿ ಕೊಂದವರೇ ಇಲ್ಲ. ಪತ್ರಿಕೆಗಳ 'ಸಾವನ್ನಪ್ಪಿದರು' ಅಂತೂ ಇನ್ನೂ ಕಷ್ಟ. ಯಾರು ಅಪ್ಪಿಕೊಂಡರು ಸಾವನ್ನು? 'ಬಲಿ' ಅಂದರೆ ದೇವರಿಗೆ ಕೊಟ್ಟದ್ದು. 'ನರಮೇಧ'ದಲ್ಲಿರುವ ಮೇಧವೂ ಯಜ್ಞವೇ. ಯಹೂದಿಗಳ ಈ ಸಾಮೂಹಿಕ ಕೊಲೆಗೆ ಜಗತ್ತು ಬಳಸುವ ಹಾಲೊಕಾಸ್ಟ್ ಅನ್ನುವ ಗ್ರೀಕ್ ಮೂಲದ ಪದವೂ ಪೂರ್ತಿ ಸುಟ್ಟು ಅರ್ಪಿಸಿದ ಹರಕೆ ಅನ್ನುವ ಅರ್ಥದ್ದೇ. ಹಂಗೇರಿಯನ್ನರಲ್ಲೂ ಬಲಿಗೂ ಬಲಿಯಾದವರಿಗೂ ಒಂದೇ ಪದ. ಎಲ್ಲ ಭಾಷೆಗಳೂ ಇಲ್ಲಿ ಯಾಕೋ ದೇವರ ಗುಡಿಯ ಕಡೆಗೇ ತಿರುಗುತ್ತವೆ. ಆದರೆ ಕಲ್ಲಿನ ಮೇಲೆ ಹೊಡೆದಿರುವುದು ಆ ಪದವನ್ನಲ್ಲ. 'ಕೊಂದರು' ಅಂತ ಹೊಡೆದಿದ್ದಾರೆ. ನಾನೂ 'ಕೊಂದರು' ಅಂತಲೇ ಬರೆಯುತ್ತೇನೆ. ಇದರಲ್ಲಿ ನನಗೆ ಅನುಮಾನ ಇಲ್ಲ.

ಹಂಗೇರಿಯನ್ನರು ಆ ಕೊಲೆಗಳ ಕಾಲಕ್ಕೆ 'ವೇಸ್‌ಕೊರ್‌ಸಾಕ್' ಅಂತಲೂ ಅನ್ನುತ್ತಾರೆ. ಅಕ್ಷರಕ್ಕೆ ಅಕ್ಷರ ನಮ್ಮ 'ಕೇಡುಗಾಲ'. ಎಷ್ಟು ಚೆನ್ನಾಗಿ ಕೂರುತ್ತದೆ ಅಂತ ಖುಷಿಪಟ್ಟು ಬರೆದು, ಮತ್ತೆ ಹೊಡೆದುಹಾಕಿದೆ. ಕೇಡುಗಾಲ ಅಂದರೆ ನಮ್ಮಲ್ಲಿ ಗ್ರಹಚಾರದ ಹಾಗೆ ತಾನಾಗಿ ಬರುವುದು. 1944ರ ಮೇ 15ರಿಂದ ಜುಲೈ 9ರವರೆಗೆ, ಎರಡು ತಿಂಗಳೂ ಇಲ್ಲ, ಸುಮಾರು 4,37,000 ಜನರನ್ನು ಹಂಗೇರಿಯ ಊರೂರುಗಳಿಂದ ರೈಲಿಗೆ ತುಂಬಿ ಕಳಿಸಿದರು. ಹೆಚ್ಚಿನವರನ್ನು ನಾಜಿಗಳ ಸಾವಿನ ಶಿಬಿರ ಆಶ್ವಿಟ್ಜ್‌ಗೆ. ಪಟ್ಟಿ ಮಾಡಿದವರು, ಮನೆಗೆ ಬೀಗ ಹಾಕಿದವರು, ಗೂಡ್ಸ್ ಬಂಡಿಯ ಬಾಗಿಲು ಎಳೆದವರು, ಇವರಲ್ಲಿ ಎಷ್ಟೋ ಜನ ಹಂಗೇರಿಯದೇ ಅಧಿಕಾರಿಗಳು, ಪೊಲೀಸರು. ಕಾಲದ ಮೇಲೆ ಹಾಕಿ ಕೈ ತೊಳೆದುಕೊಳ್ಳುವ ಹಾಗಿಲ್ಲ.

ರೈಲಿನ ಆ ಕೆಲಸಕ್ಕೂ ಪದ ಬೇಕು. ಹಿಂದೊಮ್ಮೆ ಒಂದು ಪತ್ರಿಕೆಗೆ ಬರೆದಾಗ ನಾನು 'ಎಳೆದೊಯ್ದರು' ಅಂತ ಕೊಟ್ಟಿದ್ದೆ. ಅಚ್ಚಾಗಿ ಬಂದಾಗ 'ಗಡೀಪಾರು ಮಾಡಲಾಯಿತು' ಆಗಿತ್ತು. ನಮ್ಮಲ್ಲಿ ಗಡೀಪಾರು ಆಗುವುದು ರೌಡಿಗಳಿಗೆ. ಒಂಬತ್ತು ವರ್ಷದ ಮಗುವನ್ನು ಗಡೀಪಾರು ಮಾಡಿದರು ಅಂದರೆ ಆ ಮಗುವೇ ಏನೋ ತಪ್ಪು ಮಾಡಿದ ಹಾಗೆ ಕೇಳಿಸುತ್ತದೆ. ಇವತ್ತಿಗೂ ಅದು ನನ್ನ ಹೆಸರಲ್ಲೇ ಇದೆ ಅನ್ನುವುದು ಚುಚ್ಚುತ್ತದೆ. 'ಸಾಗಿಸಿದರು' ಅಂದರೆ ಮೂಟೆಯ ಮಾತಾಯಿತು. ಹಾಗಾಗಿ ಎಳೆದೊಯ್ದರು ಅನ್ನುವುದನ್ನೇ ಉಳಿಸಿಕೊಂಡಿದ್ದೇನೆ.

ಇನ್ನೊಂದೇ ಪದ. ಯಹೂದಿ ಗಂಡಸರನ್ನು ಹಂಗೇರಿಯ ಸೇನೆ ಬಂದೂಕು ಕೊಡದೆ ಕಂದಕ ತೋಡಲು, ನೆಲಬಾಂಬು ತೆಗೆಯಲು ಹಚ್ಚುತ್ತಿತ್ತು. ಅವರ ಭಾಷೆಯಲ್ಲಿ ಅದಕ್ಕೆ 'ಕೆಲಸದ ಸೇವೆ' ಅನ್ನುವ ಸಭ್ಯ ಹೆಸರು. ನಾನು 'ಬಿಟ್ಟಿ ಚಾಕರಿ' ಅಂದಿದ್ದೇನೆ. ಇದಕ್ಕಿಂತ ಸರಿಯಾದದ್ದು ನಿಮಗೆ ಹೊಳೆದರೆ ತಿಳಿಸಿ.

ಫೋಟೋದ ಕಲ್ಲನ್ನು ಹೆಸರು, ವರ್ಷ ಬಿಟ್ಟು ಹೀಗೆ ಕನ್ನಡಕ್ಕೆ ತಂದಿದ್ದೇನೆ:

ಇಲ್ಲಿ ಇವರ ಮನೆ ಇತ್ತು.
ಬಿಟ್ಟಿ ಚಾಕರಿಗೆ ಎಳೆದೊಯ್ದರು.
ಇವರನ್ನು ಕೊಂದರು.

'ಇವರನ್ನು' ಎರಡನೇ ಸಾಲಿನಲ್ಲೂ ಬೇಕಾ, ಅಥವಾ ಮೂರನೆಯದರಲ್ಲಿ ಬಂದರೆ ಸಾಕಾ? ಎಡವುಗಲ್ಲು, ಹೆಸರುಗಲ್ಲು, ಎರಡರಲ್ಲಿ ನಿಮ್ಮ ಕಡೆ ಮಕ್ಕಳಿಗೆ ಯಾವುದು ಬೇಗ ಹಿಡಿಯುತ್ತದೆ? ಎಡವುವುದಕ್ಕೆ ನಿಮ್ಮ ಊರಲ್ಲಿ ಬೇರೆ ಮಾತು ಇದ್ದರೆ ಅದನ್ನೂ ಬರೆಯಿರಿ. ಗೋಡೆಪತ್ರಿಕೆ ಜನವರಿ 27ಕ್ಕೆ ಹಾಕಬೇಕು, ಅದಕ್ಕೆ ನಾಲ್ಕು ದಿನ ಮೊದಲು ತಿಳಿಸಿದರೆ ಸಾಕು.